ಭಾವಚಿತ್ರಕಾರ ಯೂಸುಫ್ ಕಾರ್ಷ್

ಪ್ರತಿವರ್ಷವೂ ಶಾಲೆಯ ಅಂಗಳದಲ್ಲಿ ತರಗತಿಯ ಗುಂಪುಚಿತ್ರ ತೆಗೆಯುವ ದಿನವೊಂದು ಬರುತ್ತದೆ. ಎತ್ತರದವರು ಹಿಂದೆ ಬೆಂಚಿನ ಮೇಲೆ, ಗುರುಗಳು ನಡುವೆ ಕುರ್ಚಿಗಳಲ್ಲಿ, ಚಿಕ್ಕವರು ಮುಂದೆ ಜಮಖಾನದ ಮೇಲೆ. ಅದುವರೆಗೆ ಒಬ್ಬರನ್ನೊಬ್ಬರು ಚಿವುಟುತ್ತ ನಗುತ್ತಿದ್ದ ನಾವೆಲ್ಲರೂ, ಛಾಯಾಗ್ರಾಹಕನು ಕೈಯೆತ್ತಿದೊಡನೆಯೇ ಉಸಿರು ಬಿಗಿಹಿಡಿದು ಕಲ್ಲಿನ ಬೊಂಬೆಗಳಾಗಿಬಿಡುತ್ತೇವೆ. ವಾರದ ಅನಂತರ ಚಿತ್ರವು ಕೈಗೆ ಬಂದಾಗ ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ಮುಖವನ್ನೇ, ಹುಡುಕಿದ ಮೇಲೆ ಹೇಳುವುದೂ ಒಂದೇ ಮಾತನ್ನು: "ಇದು ನನ್ನ ಹಾಗೆ ಕಾಣುವುದೇ ಇಲ್ಲ!" ಕಣ್ಣು ನಮ್ಮದೇ, ಮೂಗು ನಮ್ಮದೇ, ಹಣೆಯ ಮೇಲಿನ ಗಾಯದ ಗುರುತೂ ನಮ್ಮದೇ. ಆದರೂ ಚಿತ್ರದಲ್ಲಿ ನಾವಿಲ್ಲ. ಹಾಗಾದರೆ ಕಣ್ಣು ಮೂಗುಗಳ ಆಚೆಗೆ ಮುಖದಲ್ಲಿರುವುದು ಏನು? ಅದನ್ನು ಯಂತ್ರದಿಂದ ಹಿಡಿಯಲು ಸಾಧ್ಯವೇ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿಯೇ ಅರವತ್ತು ವರ್ಷಗಳನ್ನು ಕಳೆದ ಮಹನೀಯರೊಬ್ಬರಿದ್ದರು. ಅವರೇ ಕೆನಡ ದೇಶದ ಜಗತ್ಪ್ರಸಿದ್ಧ ಭಾವಚಿತ್ರಕಾರ ಯೂಸುಫ್ ಕಾರ್ಷ್. ಐನ್‌ಸ್ಟೈನ್, ಬರ್ನಾರ್ಡ್ ಷಾ, ಹೆಲೆನ್ ಕೆಲರ್, ಹೆಮಿಂಗ್ವೇ, ನಮ್ಮ ಜವಾಹರಲಾಲ ನೆಹರೂ—ಇಪ್ಪತ್ತನೆಯ ಶತಮಾನದಲ್ಲಿ ಹೆಸರು ಮಾಡಿದ ಎಷ್ಟೋ ಮಂದಿ ಅವರ ಕ್ಯಾಮರದ ಮುಂದೆ ಕುಳಿತಿದ್ದರು. ಅವರ ಜೀವನವನ್ನೂ ಕಲೆಯನ್ನೂ ಇಲ್ಲಿ ಸ್ಥೂಲವಾಗಿ ಪರಿಚಯ ಮಾಡಿಕೊಳ್ಳೋಣ.

ಕಾರ್ಷ್ ಹುಟ್ಟಿದುದು 1908ರ ಡಿಸೆಂಬರ್ 23ರಂದು, ಅಂದಿನ ಆಟೊಮನ್ ಸಾಮ್ರಾಜ್ಯಕ್ಕೆ ಸೇರಿದ ಮಾರ್ದಿನ್ ಎಂಬ ಊರಿನಲ್ಲಿ. ಅದು ಈಗಿನ ತುರ್ಕಿಯ ಆಗ್ನೇಯ ಭಾಗದಲ್ಲಿದೆ. ಅವರದು ಆರ್ಮೀನಿಯನ್ ಕ್ರೈಸ್ತ ಕುಟುಂಬ. ತಂದೆಗೆ ಓದುಬರಹ ತಿಳಿಯದು. ಆದರೆ ದೂರದೇಶಗಳನ್ನು ಸುತ್ತಿ ಸುಂದರವಾದ ವಸ್ತುಗಳನ್ನು ಕೊಂಡು ಮಾರುತ್ತಿದ್ದ ಅವರಿಗೆ ಸೊಗಸನ್ನು ಗುರುತಿಸುವ ಕಣ್ಣಿತ್ತು. ತಾಯಿ ಓದಿದವರು. ಆ ಕಾಲಕ್ಕೆ ಆ ಸೀಮೆಯಲ್ಲಿ ಅದು ಅಪರೂಪದ ಮಾತು.

ಯೂಸುಫನ ಬಾಲ್ಯವು ಸುಖದ ಬಾಲ್ಯವಲ್ಲ. ಅವನಿಗೆ ಆರೇಳು ವರ್ಷವಾಗಿದ್ದಾಗ, ಎಂದರೆ 1915ರಲ್ಲಿ, ಆ ಸಾಮ್ರಾಜ್ಯದಲ್ಲಿ ಆರ್ಮೀನಿಯನ್ನರ ಸಾಮೂಹಿಕ ಸಂಹಾರವು ಆರಂಭವಾಯಿತು. ಲಕ್ಷಾಂತರ ಜನರು ಕೊಲ್ಲಲ್ಪಟ್ಟರು. ಉಳಿದವರಲ್ಲಿ ಬಹುಮಂದಿ ಮರುಭೂಮಿಗೆ ಅಟ್ಟಲ್ಪಟ್ಟು ಹಸಿವಿನಿಂದಲೂ ರೋಗದಿಂದಲೂ ಮಡಿದರು. ಯೂಸುಫನ ಸೋದರಿಯೊಬ್ಬಳು ಟೈಫಸ್ ಜ್ವರಕ್ಕೆ ತುತ್ತಾದಳು. ಬಂಧುಗಳಲ್ಲಿ ಸೆರೆಮನೆಗೆ ಹೋದವರು ಹಿಂದಿರುಗಲಿಲ್ಲ. ಶಾಲೆಯ ದಾರಿಯಲ್ಲಿ ಇತರ ಹುಡುಗರು ಅವನ ಮೇಲೆ ಕಲ್ಲೆಸೆಯುತ್ತಿದ್ದರು. ಒಂದು ದಿನ ರಕ್ತ ಸುರಿಸುತ್ತ ಮನೆಗೆ ಬಂದ ಮಗನು ತಾನೂ ಕಲ್ಲು ಹೊಡೆಯುವೆನೆಂದು ಹಠ ಹಿಡಿದಾಗ, ಆ ತಾಯಿ ಗಾಯವನ್ನು ತೊಳೆಯುತ್ತ, ಅವರಿಗೆ ತಾವು ಮಾಡುತ್ತಿರುವುದೇನೆಂಬುದು ತಿಳಿಯದು, ನೀನು ಎಸೆಯಲೇಬೇಕೆಂದರೆ ಗುರಿ ತಪ್ಪುವಂತೆ ನೋಡಿಕೊ ಎಂದು ಬುದ್ಧಿ ಹೇಳಿದಳಂತೆ. ಕಾರ್ಷ್ ಈ ಮಾತನ್ನು ಮುಪ್ಪಿನಲ್ಲಿಯೂ ಮರೆಯಲಿಲ್ಲ.

1922ರಲ್ಲಿ ಕುಟುಂಬವು ಮಾರ್ದಿನನ್ನು ಬಿಟ್ಟು ಹೊರಟಿತು. ಮನೆ, ಆಸ್ತಿ, ಸಾಮಾನು ಎಲ್ಲವನ್ನೂ ಅಲ್ಲಿಯೇ ಬಿಟ್ಟು, ಉಟ್ಟ ಬಟ್ಟೆಯಲ್ಲಿ ಹೊರಡಬೇಕಾಯಿತು. ರೈಲಿನಲ್ಲಿ ಎರಡು ದಿನಗಳಲ್ಲಿ ಮುಗಿಯಬಹುದಾಗಿದ್ದ ಪಯಣವನ್ನು ತಂಡವೊಂದರ ಜೊತೆಯಲ್ಲಿ ಸುಮಾರು ಒಂದು ತಿಂಗಳು ಮಾಡಿ, ಅವರು ಸಿರಿಯ ದೇಶದ ಅಲೆಪ್ಪೊ ನಗರವನ್ನು ಸೇರಿದರು. ಅಲ್ಲಿಂದ ಕೆಲಕಾಲದ ಮೇಲೆ ಹಿರಿಯ ಮಗನನ್ನಾದರೂ ದಡ ಮುಟ್ಟಿಸೋಣವೆಂದು ತಂದೆತಾಯಿಗಳು ಯೂಸುಫನೊಬ್ಬನನ್ನೇ ಹಡಗು ಹತ್ತಿಸಿ ಕೆನಡಕ್ಕೆ ಕಳುಹಿಸಿದರು. ಹದಿಹರೆಯದ ಆ ಹುಡುಗನು ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಇಳಿದಾಗ ಅಲ್ಲಿ ನೆಲವೆಲ್ಲ ಹಿಮ. ಕರೆದೊಯ್ಯಲು ಬಂದಿದ್ದವರು ಸೋದರಮಾವ ಜಾರ್ಜ್ ನಕಾಶ್. ಅವರು ಕ್ವಿಬೆಕ್ ಪ್ರಾಂತದ ಷೆರ್‌ಬ್ರೂಕ್ ಎಂಬ ಊರಿನಲ್ಲಿ ಛಾಯಾಚಿತ್ರದ ಅಂಗಡಿಯನ್ನು ಇಟ್ಟಿದ್ದರು.

ಯೂಸುಫನಿಗೆ ವೈದ್ಯನಾಗಬೇಕೆಂಬ ಆಸೆ. ಆದರೆ ರಜೆಯ ದಿನಗಳಲ್ಲಿ ಮಾವನ ಅಂಗಡಿಯಲ್ಲಿ ಕೆಲಸ ಮಾಡುತ್ತ ಮಾಡುತ್ತ ಮನಸ್ಸು ಬೇರೆಡೆಗೆ ತಿರುಗಿತು. ಮಾವನು ಕೊಟ್ಟ ಚಿಕ್ಕ ಪೆಟ್ಟಿಗೆ ಕ್ಯಾಮರದಲ್ಲಿ ಅವನು ಮಕ್ಕಳು ಆಡುತ್ತಿರುವ ನೋಟವೊಂದನ್ನು ಸೆರೆಹಿಡಿದು, ಸಹಪಾಠಿಯೊಬ್ಬನಿಗೆ ಕ್ರಿಸ್ಮಸ್ ಕಾಣಿಕೆಯಾಗಿ ಕೊಟ್ಟನು. ಆ ಗೆಳೆಯನು ಇವನಿಗೆ ತಿಳಿಸದೆ ಚಿತ್ರವನ್ನು ಸ್ಪರ್ಧೆಯೊಂದಕ್ಕೆ ಕಳುಹಿಸಿಬಿಟ್ಟನು. ಅದಕ್ಕೆ ಮೊದಲನೆಯ ಬಹುಮಾನ, 50 ಡಾಲರು, ಬಂದಿತು! ಯೂಸುಫನು ಗೆಳೆಯನಿಗೆ 10 ಡಾಲರು ಕೊಟ್ಟು, ಉಳಿದ 40 ಡಾಲರನ್ನು ಅಲೆಪ್ಪೊದಲ್ಲಿದ್ದ ತಂದೆತಾಯಿಗಳಿಗೆ ಕಳುಹಿಸಿದನು.

ಹುಡುಗನ ಕೈಯ ಗುಣವನ್ನು ಕಂಡ ಮಾವನು 1928ರಲ್ಲಿ ಅವನನ್ನು ಅಮೆರಿಕದ ಬಾಸ್ಟನ್ ನಗರದಲ್ಲಿದ್ದ ಜಾನ್ ಗಾರೊ ಎಂಬ ಪ್ರಸಿದ್ಧ ಭಾವಚಿತ್ರಕಾರರ ಬಳಿಗೆ ಕಲಿಯಲು ಕಳುಹಿಸಿದನು. ಗಾರೊ ಅವರೂ ಆರ್ಮೀನಿಯನ್ನರೇ. ಆರು ತಿಂಗಳಿಗೆಂದು ಹೋದ ಶಿಷ್ಯನು ಮೂರು ವರ್ಷ ಅಲ್ಲಿಯೇ ಉಳಿದನು. ಅಲ್ಲಿ ಕಲಿತದ್ದು ಕ್ಯಾಮರದ ಗುಂಡಿಯನ್ನು ಒತ್ತುವ ವಿದ್ಯೆಯಷ್ಟೇ ಆಗಿರಲಿಲ್ಲ. ಗುರುಗಳು ಅವನನ್ನು ಸಂಜೆ ಚಿತ್ರಕಲೆಯ ತರಗತಿಗೆ ಕಳುಹಿಸುತ್ತಿದ್ದರು. ಹಳೆಯ ಚಿತ್ರಕಾರರು ಮುಖದ ಮೇಲೆ ಬೆಳಕನ್ನು ಹೇಗೆ ಬೀಳಿಸಿದ್ದಾರೆಂಬುದನ್ನು ವಸ್ತುಸಂಗ್ರಹಾಲಯಗಳಲ್ಲಿ ನಿಂತು ನೋಡಲು ಹೇಳುತ್ತಿದ್ದರು. ಗಾರೊ ಅವರು ವಿದ್ಯುದ್ದೀಪವನ್ನು ಬಳಸುತ್ತಿರಲಿಲ್ಲ. ಮಾಳಿಗೆಯ ಗಾಜಿನಿಂದ ಇಳಿದುಬರುವ ಹಗಲಿನ ಬೆಳಕೇ ಅವರ ದೀಪ. ಮೋಡ ಕವಿದರೆ ಕೆಲಸ ನಿಲ್ಲುತ್ತಿತ್ತು.

ಕಾರ್ಷ್ 1931ರಲ್ಲಿ ಕೆನಡದ ರಾಜಧಾನಿಯಾದ ಆಟಾವಾ ನಗರಕ್ಕೆ ಬಂದರು; ಮರುವರ್ಷ ಸ್ವಂತ ಸ್ಟುಡಿಯೊ ತೆರೆದರು. ಆಗ ಜಗತ್ತಿನಾದ್ಯಂತ ವ್ಯಾಪಾರ ಕುಸಿದ ಕಾಲ. ಕಿತ್ತಳೆ ಹಣ್ಣಿನ ಪೆಟ್ಟಿಗೆಗಳ ಮೇಲೆ ಬಟ್ಟೆ ಹೊದಿಸಿ ಪೀಠೋಪಕರಣ ಮಾಡಿಕೊಂಡರು. ಸಹಾಯಕಿಗೆ ವಾರಕ್ಕೆ ಕೊಡುತ್ತಿದ್ದ 17 ಡಾಲರು ಸಂಬಳವನ್ನು ಕೆಲವು ಸಲ ಅವಳಿಂದಲೇ ಸಾಲವಾಗಿ ಹಿಂದಕ್ಕೆ ಪಡೆಯಬೇಕಾಗುತ್ತಿತ್ತು! ಈ ಕಾಲದಲ್ಲಿಯೇ ಅವರು ಊರಿನ ಹವ್ಯಾಸಿ ನಾಟಕ ಮಂಡಳಿಯ ಚಿತ್ರಗಳನ್ನು ತೆಗೆಯಲು ಹೋದರು. ಅಲ್ಲಿ ರಂಗಭೂಮಿಯ ದೀಪಗಳನ್ನು ನೋಡಿ ಅವರ ಕಣ್ಣು ತೆರೆಯಿತು. ಸೂರ್ಯನಿಗಾಗಿ ಕಾಯುವ ಅಗತ್ಯವಿಲ್ಲ. ದೀಪವನ್ನು ಮೇಲೆತ್ತಿ, ಕೆಳಗಿಳಿಸಿ, ಪಕ್ಕಕ್ಕೆ ಸರಿಸಿ, ಅದೇ ಮುಖದಲ್ಲಿ ದುಃಖವನ್ನೂ ಕೋಪವನ್ನೂ ಶಾಂತಿಯನ್ನೂ ಕಾಣಿಸಬಹುದೆಂಬ ರಹಸ್ಯವು ಹೊಳೆಯಿತು. ಆ ಮಂಡಳಿಯ ನಟಿ ಸೊಲಾಂಜ್ ಗೋತಿಯೇ ಎಂಬವರನ್ನು 1939ರಲ್ಲಿ ಅವರು ಮದುವೆಯಾದರು.

ಇಲ್ಲಿ ಕ್ಷಣಕಾಲ ನಿಂತು ಅವರ ಕೆಲಸದ ಕ್ರಮವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಕಾರ್ಷ್ ಬಳಸುತ್ತಿದ್ದುದು ಮುಕ್ಕಾಲಿಯ ಮೇಲೆ ನಿಲ್ಲಿಸುವ ಭಾರಿ ಕ್ಯಾಮರ. ಅದರ ನೆಗೆಟಿವು 8 ಅಂಗುಲ ಅಗಲ, 10 ಅಂಗುಲ ಉದ್ದ. ಹೆಚ್ಚುಕಡಿಮೆ ನಮ್ಮ ನೋಟುಬುಕ್ಕಿನ ಹಾಳೆಯಷ್ಟು. ನೆಗೆಟಿವು ದೊಡ್ಡದಾದಷ್ಟೂ ಸೂಕ್ಷ್ಮವಾದ ವಿವರಗಳು ಅಚ್ಚಳಿಯದೆ ನಿಲ್ಲುತ್ತವೆ. ಹುಬ್ಬಿನ ಒಂದೊಂದು ಕೂದಲು, ಕೈಯ ಚರ್ಮದ ಒಂದೊಂದು ಸುಕ್ಕು ಕಾಣುತ್ತದೆ. ಚಿತ್ರಕಾರನು ಕಪ್ಪುಬಟ್ಟೆಯೊಳಗೆ ತಲೆ ಹುದುಗಿಸಿ, ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಿ ಹೊಂದಿಸಬೇಕು. ಒಂದು ಚಿತ್ರವಾದೊಡನೆ ಇನ್ನೊಂದಕ್ಕೆ ಹೊಸ ಹಾಳೆಯನ್ನು ತುಂಬಬೇಕು. ಇಂದು ಮೊಬೈಲಿನಲ್ಲಿ ಒಂದೇ ಉಸಿರಿಗೆ ಇಪ್ಪತ್ತು ಚಿತ್ರ ತೆಗೆಯುವ ನಮಗೆ, ಒಂದು ಚಿತ್ರಕ್ಕಾಗಿ ಪಡುತ್ತಿದ್ದ ಈ ಶ್ರಮವು ಆಶ್ಚರ್ಯವನ್ನುಂಟುಮಾಡುತ್ತದೆ.

ಎರಡನೆಯದು ಬೆಳಕು. ಮುಖದ ಮೇಲೆ ನೇರವಾಗಿ ಎದುರಿನಿಂದ ಬೆಳಕು ಬಿದ್ದರೆ ನೆರಳುಗಳು ಅಳಿಸಿಹೋಗಿ ಮುಖವು ಚಪ್ಪಟೆಯಾಗಿ ಕಾಣುತ್ತದೆ. ಬೆಳಕು ಪಕ್ಕದಿಂದ ಬಂದರೆ ಮೂಗಿನ ಏರು, ಕೆನ್ನೆಯ ಇಳಿಜಾರು, ಕಣ್ಣಿನ ಆಳ ಎಲ್ಲವೂ ಎದ್ದುಬರುತ್ತವೆ. ಬೇಕಾದರೆ ಬೆಳಗಿನ ಹೊತ್ತು ಗೆಳೆಯನೊಬ್ಬನನ್ನು ತರಗತಿಯ ಕಿಟಕಿಯ ಪಕ್ಕದಲ್ಲಿ ಕೂಡಿಸಿ, ಮೊದಲು ಕಿಟಕಿಗೆ ಎದುರಾಗಿ, ಅನಂತರ ಓರೆಯಾಗಿ ತಿರುಗಿಸಿ ನೋಡಿರಿ. ಒಬ್ಬನೇ ಹುಡುಗ ಇಬ್ಬರಾಗಿ ಕಾಣುವನು. ಕಾರ್ಷ್ ಹಲವು ದೀಪಗಳನ್ನು ಬಳಸಿ, ಕಪ್ಪು ಹಿನ್ನೆಲೆಯಿಂದ ಮುಖವನ್ನು ಕಡೆದು ತೆಗೆದಂತೆ ಬೆಳಗಿಸುತ್ತಿದ್ದರು. ಕೈಗಳ ಮೇಲೆ ಪ್ರತ್ಯೇಕವಾಗಿ ಬೆಳಕು ಬೀಳಿಸುವುದು ಅವರ ವಿಶೇಷ. ಕೈಯೂ ಮುಖದಷ್ಟೇ ಮಾತನಾಡುತ್ತದೆ ಎಂಬುದು ಅವರ ನಂಬಿಕೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸಿದ್ಧತೆ. ಯಾರ ಚಿತ್ರವನ್ನು ತೆಗೆಯಬೇಕೋ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು, ಅವರ ಕೆಲಸವನ್ನು ತಿಳಿದುಕೊಂಡು ಕಾರ್ಷ್ ಹೋಗುತ್ತಿದ್ದರು. ನಾವು ಪರೀಕ್ಷೆಗೆ ಓದುವಂತೆ ಅವರು ಮನುಷ್ಯರನ್ನು ಓದುತ್ತಿದ್ದರು.

ಅವರನ್ನು ಜಗತ್ತಿಗೆ ಪರಿಚಯ ಮಾಡಿಸಿದುದು ಎರಡನೆಯ ಮಹಾಯುದ್ಧದ ಕಾಲದ ಒಂದು ಘಟನೆ. 1941ರ ಡಿಸೆಂಬರ್ 30ರಂದು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಆಟಾವಾದ ಪಾರ್ಲಿಮೆಂಟಿನಲ್ಲಿ ಭಾಷಣ ಮಾಡಿದರು. ಕೆನಡದ ಪ್ರಧಾನಿ ಮೆಕೆಂಜಿ ಕಿಂಗ್ ಅವರ ಏರ್ಪಾಡಿನಂತೆ ಕಾರ್ಷ್ ಹಿಂದಿನ ದಿನವೇ ಸಭಾಪತಿಗಳ ಕೊಠಡಿಯಲ್ಲಿ ದೀಪಗಳನ್ನೂ ಕ್ಯಾಮರವನ್ನೂ ಹೂಡಿ ಕಾಯುತ್ತಿದ್ದರು. ಆದರೆ ಈ ವಿಷಯವನ್ನು ಚರ್ಚಿಲ್ಲರಿಗೆ ಯಾರೂ ತಿಳಿಸಿರಲಿಲ್ಲ! ಒಳಗೆ ಬಂದೊಡನೆ ದೀಪಗಳು ಫಕ್ಕನೆ ಹೊತ್ತಿಕೊಂಡವು. ಇದೇನೆಂದು ಅವರು ಗದರಿದರು. ಸುತ್ತ ನಿಂತಿದ್ದವರಿಗೆ ಮಾತು ಹೊರಡಲಿಲ್ಲ. ಕಡೆಗೆ ಒಂದೇ ಒಂದು ಚಿತ್ರಕ್ಕೆ ಒಪ್ಪಿ, ಹೊಸ ಚುಟ್ಟಾ ಒಂದನ್ನು ಹೊತ್ತಿಸಿಕೊಂಡು ನಿಂತರು. ಕಾರ್ಷ್ ಬೂದಿಯ ತಟ್ಟೆಯನ್ನು ಮುಂದೆ ಹಿಡಿದರು. ಚರ್ಚಿಲ್ ಚುಟ್ಟಾವನ್ನು ಬಿಡಲಿಲ್ಲ. ಕಾರ್ಷ್ ಹಿಂದಕ್ಕೆ ಹೋಗಿ ಕ್ಯಾಮರವನ್ನು ಸರಿಯಾಗಿದೆಯೇ ಎಂದು ನೋಡಿಕೊಂಡು, ಮತ್ತೆ ಮುಂದೆ ಬಂದು, "ಕ್ಷಮಿಸಬೇಕು" ಎನ್ನುತ್ತ ಆ ಚುಟ್ಟಾವನ್ನು ಬಾಯಿಂದಲೇ ಕಿತ್ತುಕೊಂಡುಬಿಟ್ಟರು! ಮೂವತ್ತಮೂರು ವರ್ಷದ ನಿರಾಶ್ರಿತ ಯುವಕನೆಲ್ಲಿ, ಸಾಮ್ರಾಜ್ಯದ ಪ್ರಧಾನಿಯೆಲ್ಲಿ! ಕಾರ್ಷ್ ಕ್ಯಾಮರದ ಬಳಿಗೆ ಹಿಂದಿರುಗುವಷ್ಟರಲ್ಲಿ ಚರ್ಚಿಲ್ಲರ ಮುಖವು ನುಂಗಿಬಿಡುವಂತೆ ಗಂಟಿಕ್ಕಿತ್ತು. ಅದೇ ಕ್ಷಣದಲ್ಲಿ ಅವರು ಗುಂಡಿಯನ್ನು ಒತ್ತಿದರು.

ಮರುನಿಮಿಷವೇ ಚರ್ಚಿಲ್ ನಕ್ಕು, ಇನ್ನೊಂದು ಚಿತ್ರಕ್ಕೂ ಅನುಮತಿಯಿತ್ತರು. ಗರ್ಜಿಸುವ ಸಿಂಹವನ್ನೂ ನೀನು ನಿಲ್ಲಿಸಿ ಚಿತ್ರ ತೆಗೆಯಬಲ್ಲೆ ಎಂದು ಕೈ ಕುಲುಕಿದರು. ಆದುದರಿಂದಲೇ ಮೊದಲನೆಯ ಚಿತ್ರಕ್ಕೆ 'ಗರ್ಜಿಸುವ ಸಿಂಹ' ಎಂಬ ಹೆಸರು ಬಂದಿತು. ಅದು ಪತ್ರಿಕೆಗಳಲ್ಲಿಯೂ ಅಂಚೆಚೀಟಿಗಳಲ್ಲಿಯೂ ದೇಶದೇಶಗಳಲ್ಲಿ ಅಚ್ಚಾಯಿತು. 2016ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹೊರಡಿಸಿದ ಐದು ಪೌಂಡಿನ ನೋಟಿನ ಮೇಲಿನ ಮುಖವೂ ಇದೇ.

ಈಗ ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸೋಣ. ಅದೇ ಕೊಠಡಿ, ಅದೇ ಬೆಳಕು, ಅದೇ ಮನುಷ್ಯ. ಒಂದರಲ್ಲಿ ಕೋಪದ ಸಿಂಹ. ಇನ್ನೊಂದರಲ್ಲಿ ನಗುವ ಅಜ್ಜ. ಜಗತ್ತು ಸಿಂಹವನ್ನೇ ಆರಿಸಿಕೊಂಡಿತು. ಹಿಟ್ಲರನ ಸೈನ್ಯವನ್ನು ಎದುರಿಸಿ ನಿಂತಿದ್ದ ಬ್ರಿಟಿಷ್ ಜನತೆ ಆ ಮುಖದಲ್ಲಿ ತನ್ನ ಛಲವನ್ನು ಕಂಡಿತು. ಆದರೆ ಆ ಗಂಟಿಕ್ಕಿದ ಹುಬ್ಬಿಗೆ ತತ್‌ಕ್ಷಣದ ಕಾರಣ ಹಿಟ್ಲರನಲ್ಲ, ಕೈತಪ್ಪಿದ ಒಂದು ಚುಟ್ಟಾ! ಇಷ್ಟೇ ಅಲ್ಲ. ಭಾರತೀಯರಾದ ನಮಗೆ ಚರ್ಚಿಲ್ಲರ ಇನ್ನೊಂದು ಮುಖವೂ ಗೊತ್ತಿದೆ. ಅವರು ನಮ್ಮ ಸ್ವಾತಂತ್ರ್ಯವನ್ನು ವಿರೋಧಿಸಿದವರು. ಈ ಚಿತ್ರ ತೆಗೆದ ಎರಡು ವರ್ಷಗಳೊಳಗೆ, 1943ರಲ್ಲಿ, ಬಂಗಾಳದಲ್ಲಿ ಭೀಕರ ಕ್ಷಾಮ ಬಂದು ಲಕ್ಷಗಟ್ಟಲೆ ಜನರು ಅನ್ನವಿಲ್ಲದೆ ಸತ್ತರು. ಧಾನ್ಯವನ್ನು ಕಳುಹಿಸಿರೆಂದು ಭಾರತದಿಂದ ಮೇಲಿಂದ ಮೇಲೆ ಹೋದ ಮೊರೆಗೆ ಅವರ ಸಚಿವ ಸಂಪುಟವು ಸಾಕಷ್ಟು ಹಡಗುಗಳನ್ನು ಸಕಾಲದಲ್ಲಿ ಒದಗಿಸಲಿಲ್ಲ. ಆ ಕಥೆಯು 'ಗರ್ಜಿಸುವ ಸಿಂಹ'ದಲ್ಲಿ ಎಲ್ಲಿಯೂ ಇಲ್ಲ.

ಹಾಗೆಂದು ಚಿತ್ರವು ಸುಳ್ಳೆಂದು ಹೇಳೋಣವೇ? ಅದು ಸರಿಯಾಗದು. ಆ ಕ್ಷಣದಲ್ಲಿ ಆ ಮುಖವು ಹಾಗೆಯೇ ಇತ್ತು. ಕ್ಯಾಮರವು ಇದ್ದುದನ್ನೇ ಹಿಡಿಯಿತು. ಆದರೆ ಒಬ್ಬ ಮನುಷ್ಯನು ಒಂದು ಕ್ಷಣಕ್ಕಿಂತ ಬಹಳ ದೊಡ್ಡವನು. ಭಾವಚಿತ್ರವು ಒಂದು ಬಾಗಿಲು ಮಾತ್ರ. ಅದರ ಒಳಗೆ ಮನೆ ಇನ್ನೂ ಇದೆ. ಬಾಗಿಲನ್ನು ಕಂಡು ಮನೆಯನ್ನೆಲ್ಲ ಕಂಡೆವೆಂದು ತಿಳಿಯುವುದು ನೋಡುವವರ ತಪ್ಪು. ಕಾರ್ಷ್ ಎಲ್ಲರನ್ನೂ ದೊಡ್ಡವರಂತೆಯೇ ತೋರಿಸುತ್ತಾರೆ, ಮನುಷ್ಯರನ್ನು ಶಿಲಾಮೂರ್ತಿಗಳನ್ನಾಗಿ ಮಾಡುತ್ತಾರೆ ಎಂದು ಆಕ್ಷೇಪಿಸಿದ ವಿಮರ್ಶಕರೂ ಉಂಟು. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಬಾಲ್ಯದಲ್ಲಿ ಮನುಷ್ಯನ ಕ್ರೌರ್ಯವನ್ನು ಕಣ್ಣಾರೆ ಕಂಡವರೊಬ್ಬರು, ಮುಂದೆ ಜೀವಮಾನವೆಲ್ಲ ಮನುಷ್ಯನ ದೊಡ್ಡತನವನ್ನೇ ಹುಡುಕುತ್ತ ಹೋದುದಕ್ಕೆ ಅರ್ಥವಿಲ್ಲದೆ ಇಲ್ಲ. ಗುರಿ ತಪ್ಪುವಂತೆ ಕಲ್ಲೆಸೆ ಎಂದಿದ್ದ ತಾಯಿಯ ಮಗನಲ್ಲವೇ!

ಈ ಹುಡುಕಾಟದಲ್ಲಿ ಅವರು ಕಂಡ ಮುಖಗಳು ಅನೇಕ. 1948ರಲ್ಲಿ ಅಮೆರಿಕದ ಪ್ರಿನ್‌ಸ್ಟನ್ನಿನಲ್ಲಿ ಐನ್‌ಸ್ಟೈನರ ಚಿತ್ರವನ್ನು ತೆಗೆದರು. ಅಣುಬಾಂಬಿನ ಈ ಕಾಲದಲ್ಲಿ ಮುಂದಿನ ಭರವಸೆಗೆ ಯಾರನ್ನು ನೋಡಬೇಕೆಂದು ಕೇಳಿದಾಗ, ನಮ್ಮನ್ನೇ ನಾವು ನೋಡಿಕೊಳ್ಳಬೇಕು ಎಂದರಂತೆ ಆ ವಿಜ್ಞಾನಿ. ಅದೇ ವರ್ಷ, ಕಣ್ಣೂ ಕಿವಿಯೂ ಇಲ್ಲದ ಹೆಲೆನ್ ಕೆಲರ್ ಅವರನ್ನು ಕಂಡರು. ಆಕೆ ತನ್ನ ಬೆರಳುಗಳಿಂದ ಕಾರ್ಷ್ ಅವರ ಮುಖವನ್ನು ಸವರಿ ಪರಿಚಯ ಮಾಡಿಕೊಂಡರು. ಇತರರ ಮುಖವನ್ನು ಓದುವುದೇ ಕಸುಬಾದವರ ಮುಖವನ್ನು ಅಂದು ಇನ್ನೊಬ್ಬರು ಓದಿದರು! ಆಕೆಯ ಚಿತ್ರದಲ್ಲಿ ಕೈಗಳೇ ಕಣ್ಣುಗಳಾಗಿವೆ. 1957ರಲ್ಲಿ ಕ್ಯೂಬಾ ದ್ವೀಪಕ್ಕೆ ಹೋಗಿ ಕಾದಂಬರಿಕಾರ ಹೆಮಿಂಗ್ವೇ ಅವರನ್ನು ಕಂಡರು. ಕಥೆಗಳಲ್ಲಿನ ಸಾಹಸಿಗಳಂತೆಯೇ ಇರಬಹುದೆಂದು ಊಹಿಸಿ ಹೋದವರಿಗೆ ಎದುರಾದುದು ಬಹಳ ಸಂಕೋಚದ, ನೋವುಂಡ ಮನುಷ್ಯ.

ಇವೆಲ್ಲಕ್ಕಿಂತ ವಿಚಿತ್ರವಾದುದು 1954ರ ಚಿತ್ರ. ಸ್ಪೇನಿನ ಸರ್ವಾಧಿಕಾರವನ್ನು ಪ್ರತಿಭಟಿಸಿ ಫ್ರಾನ್ಸಿನ ಪ್ರಾದ್ ಎಂಬ ಊರಿನಲ್ಲಿ ನೆಲೆಸಿದ್ದ ಮಹಾ ಸಂಗೀತಗಾರ ಪಾಬ್ಲೊ ಕಸಾಲ್ಸ್, ಹಳೆಯ ಕ್ರೈಸ್ತ ಮಠವೊಂದರಲ್ಲಿ ಕುಳಿತು ಚೆಲ್ಲೊ ವಾದ್ಯವನ್ನು ನುಡಿಸತೊಡಗಿದರು. ಕಾರ್ಷ್ ಮೈಮರೆತು ಕೇಳಿದರು. ಕೊನೆಗೆ ಅವರು ತೆಗೆದುದು ಕಸಾಲ್ಸರ ಬೆನ್ನಿನ ಕಡೆಯಿಂದ! ಬರಿಯ ಕಲ್ಲುಗೋಡೆ, ಎತ್ತರದಲ್ಲಿ ಚಿಕ್ಕದೊಂದು ಕಿಟಕಿ, ಕೆಳಗೆ ಒಂಟಿಯಾಗಿ ನುಡಿಸುತ್ತಿರುವ ವೃದ್ಧ. ಮುಖವೇ ಕಾಣದ ಭಾವಚಿತ್ರ. ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ತೂಗುಹಾಕಿದ್ದಾಗ ಮುದುಕನೊಬ್ಬನು ದಿನವೂ ಬಂದು ಅದರ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದನಂತೆ. ಏಕೆಂದು ಕೇಳಿದ ಅಧಿಕಾರಿಗೆ ಅವನು, ಸುಮ್ಮನಿರಪ್ಪ, ನಾನು ಸಂಗೀತ ಕೇಳುತ್ತಿದ್ದೇನೆ ಎಂದನಂತೆ. ಕಾರ್ಷ್ ತಾವೇ ಹೇಳುತ್ತಿದ್ದ ಪ್ರಸಂಗವಿದು.

ಹೆಸರಾಂತವರನ್ನು ಮಾತ್ರವೇ ಅವರು ಚಿತ್ರಿಸಿದರೆಂದು ತಿಳಿಯಬಾರದು. 1951ರಲ್ಲಿ ಕೆನಡದ ಮೋಟಾರು ಕಾರ್ಖಾನೆಯೊಂದರ ಕೆಲಸಗಾರರನ್ನು, ರಾಜರನ್ನು ಬೆಳಗಿಸಿದಷ್ಟೇ ಗೌರವದಿಂದ ಬೆಳಗಿಸಿದರು. ಸ್ನಾಯುಗಳು ಕ್ಷೀಣಿಸುವ ರೋಗಕ್ಕೆ ತುತ್ತಾದ ಮಕ್ಕಳ ನೆರವಿಗಾಗಿ ನಿಧಿ ಕೂಡಿಸುವ ಸಂಘಕ್ಕೆ ಅನೇಕ ವರ್ಷಗಳ ಕಾಲ ಆ ಮಕ್ಕಳ ಚಿತ್ರಗಳನ್ನು ತೆಗೆದುಕೊಟ್ಟರು. 1947ರ ಜನವರಿಯಲ್ಲಿ ಕೆನಡದ ಪೌರತ್ವವನ್ನು ಮೊಟ್ಟಮೊದಲು ಪಡೆದವರಲ್ಲಿ ಒಬ್ಬರಾದರು. ಮರುವರ್ಷ ತಂದೆತಾಯಿಗಳನ್ನು ಅಲೆಪ್ಪೊದಿಂದ ಕರೆಸಿಕೊಂಡರು. 1992ರಲ್ಲಿ ಸ್ಟುಡಿಯೊ ಮುಚ್ಚುವ ವೇಳೆಗೆ ಅವರ ಕ್ಯಾಮರದ ಮುಂದೆ ಹದಿನೈದು ಸಾವಿರಕ್ಕೂ ಹೆಚ್ಚು ಬೈಠಕ್ಕುಗಳು ನಡೆದಿದ್ದವು. ಆ ಅಪಾರ ಸಂಗ್ರಹವು ಇಂದು ಕೆನಡದ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿದೆ. 2002ರ ಜುಲೈ 13ರಂದು ತಮ್ಮ 93ನೆಯ ವಯಸ್ಸಿನಲ್ಲಿ ಅವರು ಬಾಸ್ಟನ್ನಿನಲ್ಲಿ ತೀರಿಕೊಂಡರು.

ಅವರ ಅನಂತರವೂ 'ಸಿಂಹ'ದ ಕಥೆ ಮುಗಿಯಲಿಲ್ಲ. ಕಾರ್ಷ್ ಬಹುಕಾಲ ವಾಸವಾಗಿದ್ದ ಆಟಾವಾದ ಷಾತೊ ಲೋರಿಯೆ ಹೋಟೆಲಿಗೆ ಅವರು ಸಹಿ ಹಾಕಿ ಕೊಟ್ಟಿದ್ದ ಆ ಚಿತ್ರದ ಪ್ರತಿಯನ್ನು ಯಾರೋ ಕದ್ದು, ಅದರ ಜಾಗದಲ್ಲಿ ನಕಲನ್ನು ತೂಗುಹಾಕಿದ್ದರು. ತಿಂಗಳುಗಟ್ಟಲೆ ಜನರು ಅದರ ಮುಂದೆಯೇ ಓಡಾಡಿದರೂ ಯಾರಿಗೂ ತಿಳಿಯಲಿಲ್ಲ. 2022ರ ಆಗಸ್ಟ್ ತಿಂಗಳಲ್ಲಿ ಹೋಟೆಲಿನ ಕೆಲಸಗಾರರೊಬ್ಬರು ಚೌಕಟ್ಟು ಬೇರೆಯಾಗಿರುವುದನ್ನು ಗಮನಿಸಿದರು. ಸಹಿಯೂ ನಕಲಿಯೆಂದು ಗೊತ್ತಾಯಿತು. ಮೂಲಚಿತ್ರವು ಇಟಲಿಯ ಜಿನೋವಾ ನಗರದಲ್ಲಿ, ಕಳವಿನ ಮಾಲೆಂದು ತಿಳಿಯದೆ ಕೊಂಡವರೊಬ್ಬರ ಬಳಿ ಸಿಕ್ಕಿ, 2024ರಲ್ಲಿ ತನ್ನ ಗೋಡೆಗೆ ಮರಳಿತು. ನೋಡುವುದು ಬೇರೆ, ಗಮನಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ವಿದ್ಯಾರ್ಥಿಮಿತ್ರರೆ, ನಮ್ಮಲ್ಲಿ ಬಹುಮಂದಿಯ ಮನೆಯ ಗೋಡೆಯ ಮೇಲೆ ಅಜ್ಜನದೋ ಅಜ್ಜಿಯದೋ ಹಳೆಯ ಚಿತ್ರವೊಂದಿದೆ. ಊರು ಬಿಟ್ಟು ಈ ನಗರಕ್ಕೆ ಬರುವಾಗ ಹಿರಿಯರು ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟು ತಂದ ಚಿತ್ರವದು. ದಿನವೂ ಅದರ ಕೆಳಗೆಯೇ ಓಡಾಡುತ್ತೇವೆ. ಇಂದು ಸಂಜೆ ಒಂದು ಗಳಿಗೆ ಅದರ ಮುಂದೆ ನಿಂತು ನೋಡೋಣ. ಬೆಳಕು ಯಾವ ಕಡೆಯಿಂದ ಬಿದ್ದಿದೆ? ಕೈಗಳು ಏನು ಮಾಡುತ್ತಿವೆ? ಆ ಕಣ್ಣುಗಳಲ್ಲಿ ಇರುವುದು ಭಯವೋ, ಹೆಮ್ಮೆಯೋ, ಇಲ್ಲವೆ ಛಾಯಾಗ್ರಾಹಕನ ಮುಂದಿನ ಸಂಕೋಚವೋ? ಚಿತ್ರದಲ್ಲಿ ಇಲ್ಲದ ಕಥೆಯನ್ನು ಮನೆಯ ಹಿರಿಯರನ್ನು ಕೇಳೋಣ. ಕೇಳಿ, ಚಿತ್ರದ ಹಿಂಭಾಗದಲ್ಲಿ ಹೆಸರು, ಊರು, ವರ್ಷಗಳನ್ನು ಬರೆದಿಡೋಣ. ಹೇಳುವವರು ಇರುವಾಗಲೇ ಆ ಕೆಲಸವಾಗಬೇಕು.

ಇನ್ನು ಮುಂದಿನ ವರ್ಷ ಗುಂಪುಚಿತ್ರದ ದಿನ ಬಂದಾಗ, ಕಲ್ಲಾಗದೆ ನಿಲ್ಲುವುದಕ್ಕೂ ಸ್ವಲ್ಪ ಪ್ರಯತ್ನಿಸೋಣ.